ನೆಹರು ನಾಣ್ಯದ ಗಾಯ

ಬೇಸಿಗೆ ರಜೆಗೆ ಬಂದ ಮೊಮ್ಮಗಳು ಅಟ್ಟ ಹತ್ತಿ ಹಳೆಯ ಡಬ್ಬಿಯೊಂದನ್ನು ಇಳಿಸಿದಳು. ನಮ್ಮದು ತಿಪಟೂರು ಸೀಮೆಯ ತೋಟದ ಮನೆ. ಅಟ್ಟದ ತುಂಬ ಕೊಬ್ಬರಿಗೆಂದು ಕೂಡಿಟ್ಟ ತೆಂಗಿನಕಾಯಿ. ಅದರ ಮೂಲೆಯಲ್ಲಿತ್ತು ಅಪ್ಪನ ನಾಣ್ಯದ ಡಬ್ಬಿ.

"ತಾತ, ಈ ನೆಹರು ರೂಪಾಯಿಯ ಅಂಚು ತುಂಡಾಗಿದೆ! ಟಂಕಸಾಲೆಯಲ್ಲೇ ತಪ್ಪಾದ ನಾಣ್ಯಕ್ಕೆ ಲಕ್ಷ ರೂಪಾಯಿ ಕೊಡ್ತಾರಂತೆ. ಮೊಬೈಲಿನಲ್ಲಿ ನೋಡಿದೆ. ನಮ್ಮ ಬೋರ್‌ವೆಲ್ ಮೋಟರ್ ಸುಟ್ಟುಹೋಗಿದೆಯಲ್ಲ, ಹೊಸದೇ ತರಬಹುದು" ಎಂದಳು.

ಆ ಮೊಬೈಲಿನವರು ಮೊದಲು ನೋಂದಣಿಗೆಂದು ದುಡ್ಡು ಕಳಿಸಬೇಕು ಎಂದಿದ್ದರಂತೆ. "ಕೊಳ್ಳುವವನು ದುಡ್ಡು ಕೊಡಬೇಕೋ, ಮಾರುವವನೋ?" ಎಂದು ಕೇಳಿದೆ. ಅವಳು ಯೋಚಿಸಿದಳು. ಹಳೆಯ ನಾಣ್ಯ, ನೋಟುಗಳ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ ಎಂದು ಹೇಳಿದೆ.

ಆದರೆ ಆ ತುಂಡಾದ ಅಂಚಿನ ಬಗ್ಗೆ ನಾನು ತಕ್ಷಣ ಬಾಯಿ ಬಿಡಲಿಲ್ಲ.

"ಮೊದಲು ಪರೀಕ್ಷೆ ಮಾಡೋಣ" ಎಂದು ಭೂತಗನ್ನಡಿ ತಂದೆ. ನಲವತ್ತು ವರ್ಷ ಕೊಬ್ಬರಿ ಆರಿಸಿದ ಕೈ ನನ್ನದು. ಕೊಬ್ಬರಿಯ ಮೇಲೆ ಗುರುತು ಕಂಡರೆ ನಾವು ಕೇಳುವುದು ಒಂದೇ ಪ್ರಶ್ನೆ: ಇದು ಕಾಯಿಯೊಳಗೇ ಬಂದದ್ದೋ, ಒಡೆಯುವಾಗ ಮಚ್ಚು ತಾಗಿದ್ದೋ? ನಾಣ್ಯಕ್ಕೂ ಅದೇ ಪ್ರಶ್ನೆ.

ಡಬ್ಬಿಯಲ್ಲಿ ಗಾಂಧೀಜಿಯ ಜನ್ಮಶತಾಬ್ದಿಗೆ, 1969ರಲ್ಲಿ ಬಂದ ಹಳದಿ ಬಣ್ಣದ 20 ಪೈಸೆ ಇತ್ತು. ಅದರ ಮೇಲೆ ಕೂದಲೆಳೆಯಂಥ ಗೆರೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಗೆರೆ ಉಬ್ಬಿದೆ. ನಾಣ್ಯ ಒತ್ತುವ ಉಕ್ಕಿನ ಅಚ್ಚು ಸಾವಿರಾರು ಏಟು ತಿಂದು ಬಿರುಕು ಬಿಡುತ್ತದೆ. ಆ ಬಿರುಕಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬುಗೆರೆಯಾಗುತ್ತದೆ. ಆಮೇಲೆ ಯಾರಾದರೂ ಗೀಚಿದ್ದರೆ ಗೆರೆ ತಗ್ಗಾಗಿರುತ್ತದೆ. "ಹಾಗಾದರೆ ಇದು ಟಂಕಸಾಲೆಯದ್ದೇ ತಪ್ಪು!" ಎಂದು ಅವಳು ಕುಣಿದಳು. ಹೌದು, ಆದರೆ ಇಂಥ ಸಣ್ಣ ಬಿರುಕು ಅಪರೂಪವಲ್ಲ, ಇದರಿಂದ ಮೋಟರ್ ಬರುವುದಿಲ್ಲ ಎಂದೆ.

ಇನ್ನೊಂದು ಪರೀಕ್ಷೆ ತೋರಿಸಿದೆ. ನಾಣ್ಯವನ್ನು ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿದು ಬುಗುರಿಯಂತೆ ತಿರುಗಿಸಬೇಕು. ನಮ್ಮ ನಾಣ್ಯಗಳ ಎರಡೂ ಮುಖ ನೆಟ್ಟಗೇ ನಿಲ್ಲಬೇಕು. ಒಂದು ಮುಖ ವಾಲಿದರೆ ಅಚ್ಚು ತಿರುಗಿದೆ ಎಂದರ್ಥ. ಇಸವಿಯ ಕೆಳಗಿನ ಗುರುತನ್ನೂ ನೋಡಬೇಕು. ವಜ್ರದ ಆಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕಿಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ತಪ್ಪೆಂದು ತಿಳಿಯಬೇಡಿ, ಅದು ಕೋಲ್ಕತ್ತದ್ದು.

ಕೊನೆಗೆ ನೆಹರು ರೂಪಾಯಿಯ ಸರದಿ. ನೆಹರು ತೀರಿಕೊಂಡ 1964ರಲ್ಲೇ ಹೊರಟ ನಾಣ್ಯ. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಅದೇ.

"ಲೋಹದ ಪಟ್ಟಿಯಿಂದ ದುಂಡು ಬಿಲ್ಲೆ ಕತ್ತರಿಸುತ್ತಾರೆ. ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಮೊದಲೇ ಕತ್ತರಿಸಿದ ತೂತಿನ ಮೇಲೆ ಕತ್ತರಿ ಬಿದ್ದು ಬಿಲ್ಲೆಗೆ ಬಾಗಿದ ಕಚ್ಚು ಉಳಿಯುತ್ತದೆ. ಅಂಥದ್ದರಲ್ಲಿ ಕಚ್ಚಿನ ಎದುರು ಬದಿಯ ಅಂಚೂ ಸಾಮಾನ್ಯವಾಗಿ ಸಪ್ಪೆಯಾಗಿರುತ್ತದೆ. ಈಗ ನೀನೇ ನೋಡು."

ಅವಳು ಬಹಳ ಹೊತ್ತು ನೋಡಿದಳು. "ಎದುರಿನ ಅಂಚು ಚೆನ್ನಾಗಿದೆ. ಕಚ್ಚು ಬಾಗಿಲ್ಲ, ನೇರವಾಗಿದೆ. ಲೋಹ ಪಕ್ಕಕ್ಕೆ ಚಪ್ಪಟೆಯಾಗಿದೆ. ತಾತ, ಇದನ್ನು ಯಾರೋ ಕಡಿದಿದ್ದಾರೆ. ಯಾರು?"

ನಾನು. ಆಗ ನನಗೆ ಎಂಟು ವರ್ಷ. ಕೊಬ್ಬರಿ ಮಾರಿ ಬಂದ ಹಣದಲ್ಲಿ ಸಿಕ್ಕ ಹೊಸ ರೂಪಾಯಿಯನ್ನು ಅಪ್ಪ ದೇವರ ಗೂಡಿನಲ್ಲಿ ಇಟ್ಟಿದ್ದರು. ಒಳಗೆ ಬೆಳ್ಳಿ ಇದೆಯೇ ನೋಡೋಣವೆಂದು ಮಚ್ಚಿನಿಂದ ಹೊಡೆದೆ. ಅಪ್ಪ ಕಂಡಾಗ ಮಚ್ಚು ಅಣ್ಣಯ್ಯನ ಕೈಯಲ್ಲಿತ್ತು. ಅವನು ಕಾಯಿ ಒಡೆಯುತ್ತಿದ್ದ. ಏಟು ಅವನಿಗೆ ಬಿತ್ತು. ನಾನು ಕಂಬದ ಹಿಂದೆ ನಿಂತಿದ್ದೆ.

ಮೊಮ್ಮಗಳು ಎದ್ದು ಹೋಗಿ ಅಯಸ್ಕಾಂತ ತಂದಳು. ನಾಣ್ಯ ಟಕ್ಕನೆ ಅಂಟಿತು. ಅದು ನಿಕ್ಕಲ್, ಬೆಳ್ಳಿಯಾಗಿದ್ದರೆ ಅಂಟುತ್ತಿರಲಿಲ್ಲ. "ಮಚ್ಚು ಬೇಕೇ ಇರಲಿಲ್ಲ ತಾತ" ಎಂದಳು. ಆಮೇಲೆ ಮೆಲ್ಲಗೆ, "ದೊಡ್ಡತಾತನಿಗೆ ಹೇಳಿದ್ದೀರಾ?" ಎಂದು ಕೇಳಿದಳು.

ಅಂದೇ ಸಂಜೆ ತುರುವೇಕೆರೆಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅಣ್ಣಯ್ಯ ನಕ್ಕ. "ಗೊತ್ತಿತ್ತು ಕಣೋ. ನೀನು ಆಗ ತಾನೇ ಜ್ವರದಿಂದ ಎದ್ದಿದ್ದೆ. ಏಟು ತಡೀತಿರಲಿಲ್ಲ ಅಂತ ಸುಮ್ಮನಾದೆ."

ನನಗೆ ಮಾತು ಹೊರಡಲಿಲ್ಲ.

ಮಕ್ಕಳೇ, ಹಳೆಯ ನಾಣ್ಯ ಸಿಕ್ಕರೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಂಚು ಹಿಡಿದೇ ನೋಡಿ. ಗುರುತು ಕಂಡರೆ ಮನೆಯ ಹಿರಿಯರನ್ನು ಕೇಳಿ. ಮೋಟರನ್ನು ಕೊಬ್ಬರಿ ಮಾರಿಯೇ ರಿಪೇರಿ ಮಾಡಿಸಿದೆವು. ಆ ರೂಪಾಯಿ ಈಗ ಅಣ್ಣಯ್ಯನ ಮನೆಯ ದೇವರ ಗೂಡಿನಲ್ಲಿದೆ. ನಾನೇ ಹೋಗಿ ಕೊಟ್ಟು ಬಂದೆ.