ಕಾಫಿ ಹಣ್ಣಿನ ಲೆಕ್ಕ

ಬಿ.ಕಾಂ. ಓದುವವರಿಗೂ ಕನ್ನಡ ಸಂಘಕ್ಕೂ ಏನು ಸಂಬಂಧ ಅಂತ ಕೆಲವು ಗೆಳೆಯರು ಕೇಳುವುದುಂಟು. ಹತ್ತನೆಯ ತರಗತಿವರೆಗೆ ಕನ್ನಡದಲ್ಲೇ ಓದಿದವನು ನಾನು. ಡೆಬಿಟ್ಟು, ಕ್ರೆಡಿಟ್ಟುಗಳನ್ನು ಈಗಲೂ ಮನಸ್ಸಿನಲ್ಲಿ ಖರ್ಚು, ಜಮಾ ಅಂತ ತಿರುಗಿಸಿಕೊಂಡೇ ಬರೆಯುತ್ತೇನೆ. ಆದ್ದರಿಂದ ಈ ಸಲ ಒಂದು ಲೆಕ್ಕವನ್ನೇ ಕನ್ನಡದಲ್ಲಿ ಬರೆದುಬಿಡುತ್ತೇನೆ. ಬೇಸರವಾದರೆ ಪುಟ ಮಗುಚಿ, ಮುಂದೆ ಕವಿತೆಗಳಿವೆ.

ನಮ್ಮ ಮನೆ ಮೂಡಿಗೆರೆ ಕಡೆ. ಮೂರು ಎಕರೆ ಕಾಫಿ. ಕಾಫಿ ತೋಟ ಅಂದಕೂಡಲೆ ಹಾಸ್ಟೆಲಿನವರು ಜೀಪು, ಬಂಗಲೆ, ಕ್ಲಬ್ಬು ಅಂತ ಕಲ್ಪಿಸಿಕೊಂಡು ನನ್ನ ಹತ್ತಿರ ಸಾಲ ಕೇಳುತ್ತಾರೆ. ನಮ್ಮ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಜನ 25 ಎಕರೆಯೊಳಗಿನ ಸಣ್ಣ ಬೆಳೆಗಾರರು. ಅವರಲ್ಲಿ ತೀರಾ ಸಣ್ಣವರು ನಾವು. ಕೊಯ್ಲು ಮುಗಿದು ಬಂದ ದುಡ್ಡು ಯುಗಾದಿ ದಾಟುವುದೇ ಕಷ್ಟ. ಆಷಾಢದ ಮಳೆ ಹಿಡಿಯುವ ಹೊತ್ತಿಗೆ ನನ್ನ ಕಾಲೇಜು ಫೀಸು ಬರುತ್ತದೆ. ಆಗ ಅಪ್ಪಯ್ಯ ಕೊಡೆ ಹಿಡಿದುಕೊಂಡು ಕಾಫಿ ಕೊಳ್ಳುವ ಸಾಹುಕಾರರ ಮನೆಗೆ ಹೋಗುತ್ತಾರೆ. ಮುಂಗಡ 40,000, ಬದಲಿಗೆ ಮುಂದಿನ ಫಸಲು ಅವರಿಗೇ, ಅಂದೇ ಗೊತ್ತು ಮಾಡಿದ ಬೆಲೆಗೆ. 2024ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಊರೆಲ್ಲ ಅದೇ ಮಾತು. ನಮ್ಮ ಮೂಟೆಗಳು ಮಾತ್ರ ಆಷಾಢದ ಬೆಲೆಗೇ ಹೋದವು.

ಸಾಹುಕಾರರನ್ನು ಬಯ್ದರೆ ಚಪ್ಪಾಳೆ ಬೀಳುತ್ತದೆ, ಗೊತ್ತು. ಆದರೆ ಅಜ್ಜಿಗೆ ಹುಷಾರಿಲ್ಲದ ರಾತ್ರಿ ಒಂದು ಕಾಗದಕ್ಕೂ ಸಹಿ ಕೇಳದೆ ದುಡ್ಡು ಎಣಿಸಿಕೊಟ್ಟವರೂ ಅವರೇ. ಬ್ಯಾಂಕು ಅಷ್ಟು ಹೊತ್ತಿನಲ್ಲಿ ಬಾಗಿಲು ತೆಗೆಯುವುದಿಲ್ಲ.

ಈ ಕಾಯುವ ಕಷ್ಟ ಹೊಸದೇನಲ್ಲ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರರು ಫಸಲನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು, ದುಡ್ಡು ಕಂತುಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಬಿಟ್ಟು, 1996ರ ಹೊತ್ತಿಗೆ ಯಾರಿಗೆ ಬೇಕಾದರೂ ಮಾರಬಹುದು ಅಂತಾಯಿತು. ಆದ ಕೆಲವೇ ವರ್ಷಕ್ಕೆ, 2001ರ ಆಸುಪಾಸಿನಲ್ಲಿ, ಲೋಕದ ಮಾರುಕಟ್ಟೆಯೇ ಕುಸಿಯಿತು. ಸ್ವಾತಂತ್ರ್ಯ ಸಿಕ್ಕಿತು, ಆದರೆ ಕಾಯುವ ತಾಕತ್ತು ಇದ್ದವರಿಗೆ ಸಿಕ್ಕಿತು.

ಕಳೆದ ವರ್ಷ ಎನ್.ಎಸ್.ಎಸ್. ಶಿಬಿರಕ್ಕೆ ಯಳಂದೂರು ಕಡೆ ಹೋದಾಗ ಬಿಳಿಗಿರಿರಂಗನ ಬೆಟ್ಟ ಹತ್ತಿದ್ದೆವು. ಅಲ್ಲಿನ ಸೋಲಿಗರ ಪೋಡುಗಳಲ್ಲೂ ಕಾಫಿ ಇದೆ. 2006ರ ಸುಮಾರಿಗೆ ಕಾಡಿನಿಂದ ಜೇನು, ನೆಲ್ಲಿಕಾಯಿ ತಂದು ಮಾರುವುದಕ್ಕೆ ತಡೆ ಬಿತ್ತು, 2011ರಲ್ಲಿ ಅವರ ಸಮುದಾಯದ ಹಕ್ಕಿಗೆ ಮನ್ನಣೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಕೈಗೆ ಕಾಸು ಕಾಣಿಸಿದ ಬೆಳೆಗಳಲ್ಲಿ ಕಾಫಿಯೂ ಒಂದು. ಬೆಂಗಳೂರಿನ ಬ್ಲ್ಯಾಕ್ ಬಾಜಾ ಕಾಫಿ ಎಂಬ ಸಂಸ್ಥೆ (ಅರ್ಷಿಯಾ ಬೋಸ್ ಎಂಬವರು ಕಟ್ಟಿದ್ದು, ಬಾಜಾ ಒಂದು ಜುಟ್ಟಿನ ಗಿಡುಗ) ಇಂಥ ಸಣ್ಣ ಬೆಳೆಗಾರರಿಂದ ಕೊಂಡು, ಹುರಿದು ಮಾರುತ್ತದೆ. ವಿಷ ಹೊಡೆಯಬಾರದು, ಕಾಡುಮರ ಕಡಿಯಬಾರದು ಎಂಬುದು ಮಾತು. ಪೋಡಿನ ಒಬ್ಬ ಮುದುಕರು ಇದನ್ನು ಹೇಳಿ, "ಮರ ಕಡೀಬ್ಯಾಡಿ ಅಂತ ನಮ್ಗೇ ಏಳ್ತಾರಲ್ಲ ಕಂದಾ!" ಅಂತ ಬಾಯ್ತುಂಬ ನಕ್ಕರು. ನಮ್ಮ ಕಡೆ ಹಲಸು, ನಂದಿ ಎಲ್ಲ ಹೋಗಿ ಸಿಲ್ವರ್ ಓಕ್ ಸಾಲಾಗಿ ನಿಂತಿದ್ದನ್ನು ನೆನೆದು ನನಗೆ ನಗು ಬರಲಿಲ್ಲ.

ಊರಿಗೆ ಹೋಗಿ ಇದನ್ನು ಹೇಳಿದೆ. ಒಂಬತ್ತು ಮನೆಯವರು ಕೂತು ಮಾತಾಡಿದರು. ಸಂಘ ಮಾಡಿಕೊಂಡು ಬೆಂಗಳೂರಿನ ಒಬ್ಬ ಹುರಿಯುವವರಿಗೆ ನೇರ ಕೊಟ್ಟರೆ ಹೇಗೆ? ಅಪ್ಪಯ್ಯ ನನ್ನ ಕಡೆ ತಿರುಗಿದರು. "ಬಿ.ಕಾಂ. ಓದ್ತಿದೀಯಲ್ಲ, ಲೆಕ್ಕ ಹಾಕು ಮಾರಾಯ."

ಹಾಕಿದೆ. ಸುಮಾರು ಆರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ. ಹುರಿದರೆ ನೂರಕ್ಕೆ ಹದಿನೈದಾದರೂ ತೂಕ ಇಳಿದು 850 ಗ್ರಾಂ. ಪೊಟ್ಟಣದ ಬೆಲೆ ನೋಡಿದರೆ ಯಾರಿಗಾದರೂ ಆಸೆಯಾಗಬೇಕು. ಆದರೆ ಅವರಿಗೆ ಕೆಂಪು ಹಣ್ಣು ಮಾತ್ರ ಬೇಕು. ಒಂದೇ ಗಿಡವನ್ನು ಮೂರು ನಾಲ್ಕು ಸುತ್ತು ಕೊಯ್ಯಬೇಕು, ಅಷ್ಟೂ ಸಲ ಆಳಿನ ಕೂಲಿ. ಯೂರಿಯಾ ಬಿಡಬೇಕು. ಬಿಟ್ಟ ತಕ್ಷಣ ಸಾವಯವ ಆಗುವುದಿಲ್ಲ. ಕಾಫಿಯಂಥ ಬಹುವರ್ಷದ ಬೆಳೆಗೆ ಪ್ರಮಾಣಪತ್ರ ಬೇಕಾದರೆ ಮೂರು ವರ್ಷದ ಪರಿವರ್ತನೆಯ ಅವಧಿ. ಇಳುವರಿ ಇಳಿಯುವುದು ಮೊದಲು, ಹೆಸರು ಬರುವುದು ಆಮೇಲೆ. ದುಡ್ಡೋ, ಅರ್ಧ ಮಾಲು ಕೊಟ್ಟಾಗ, ಅರ್ಧ ಮೂರು ತಿಂಗಳ ಮೇಲೆ. ಬೆಲೆ ಸಾಹುಕಾರರಿಗಿಂತ ಚೆನ್ನಾಗಿದೆ. ಆದರೆ ಆಷಾಢದ ಕಾಲಂನಲ್ಲಿ ಸೊನ್ನೆ. ಆ ಸೊನ್ನೆಯ ಎದುರಿಗೆ ನನ್ನದೇ ಫೀಸು.

ಸಹಕಾರದ ಅಧ್ಯಾಯದಲ್ಲಿ ನಮಗೆ ತತ್ತ್ವಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಮಳೆಗಾಲಕ್ಕೆ ಮುಂಗಡ ಕೊಡುವವರಾರು ಎಂಬ ಪ್ರಶ್ನೆ ಒಂದು ಪರೀಕ್ಷೆಯಲ್ಲೂ ಬಂದಿಲ್ಲ. ಅದನ್ನೇ ಕೇಳಿ ಸಂಘದ ಪರವಾಗಿ ನಾನು ಕಾಗದ ಬರೆದೆ: ನೀವು ಮರ ಉಳಿಸಿ ಅನ್ನುತ್ತೀರಿ, ಹಣ್ಣು ಆರಿಸಿ ಅನ್ನುತ್ತೀರಿ, ಎರಡೂ ಸರಿ, ಕಾಯುವ ಭಾರದಲ್ಲಿ ಮೂರನೆಯ ಒಂದು ಪಾಲನ್ನು ಆಷಾಢದಲ್ಲಿ ಹೊರಿ. ಹದಿನೈದು ದಿನದ ಮೇಲೆ ಉತ್ತರ ಬಂತು. ಕಾಲು ಭಾಗ ಕೊಡುತ್ತಾರಂತೆ.

ಒಂಬತ್ತರಲ್ಲಿ ಇಬ್ಬರು ಹಿಂದೆ ಸರಿದರು, ಅವರ ತಾಪತ್ರಯ ಅವರಿಗೆ. ಅಪ್ಪಯ್ಯ ಎರಡು ದಿನ ಮಾತೇ ಆಡಲಿಲ್ಲ. ಮೂರನೆಯ ದಿನ ಕಣದ ಅಂಚಿನಲ್ಲಿ ನಿಂತು, ಹಲಸಿನ ಮರಗಳು ಉಳಿದಿರುವ ಮೇಲಿನ ಎಕರೆ ಸಂಘಕ್ಕೆ, ಕೆಳಗಿನ ಎರಡು ಎಕರೆ ಎಂದಿನಂತೆ ಸಾಹುಕಾರರಿಗೆ ಅಂದರು. ಸಾಹುಕಾರರಿಗೆ ತಾವೇ ಹೋಗಿ ಹೇಳಿ ಬಂದರು. ಅಲ್ಲಿ ಏನು ಮಾತಾಯಿತೋ, ಮನೆಯಲ್ಲಿ ಹೇಳಿಲ್ಲ. ಮುಂಗಡ ಮಾತ್ರ 25,000ಕ್ಕೆ ಇಳಿದಿತ್ತು. ಕಾಲು ಭಾಗ ಸೇರಿಸಿದರೂ ಫೀಸಿಗೆ ಸ್ವಲ್ಪ ಕಡಿಮೆ ಬಿತ್ತು, ಅಮ್ಮ ಚೀಟಿ ಎತ್ತಿದರು.

ಈಗ ಕಾಯಿ ಬಲಿಯುತ್ತಿದೆ. ನವೆಂಬರ್ ಕೊನೆಗೆ ಮೇಲಿನ ಎಕರೆಯಲ್ಲಿ ಮೊದಲ ಸುತ್ತಿನ ಹಣ್ಣು. ಏಳು ಮನೆಯ ತೂಕದ ಪುಸ್ತಕ ನನ್ನ ಕೈಗೆ ಕೊಟ್ಟಿದ್ದಾರೆ. ರೂಲು ಹಾಕಿ, ಹೆಸರು ಬರೆದು, ಆಷಾಢಕ್ಕೂ ಒಂದು ಕಾಲಂ ಬಿಟ್ಟಿದ್ದೇನೆ.