ಹೊರೆ ಎಳೆದ ಎಂಜಿನು

ತೇರಿನ ದಿನ ಊರಿಗೆ ಊರೇ ಬೀದಿಯಲ್ಲಿ ನೆರೆಯುತ್ತದೆ. ಆ ತೇರಿಗೆ ಬೇಕಾದ ಮರದ ದಿಮ್ಮಿಗಳನ್ನು ಕಾಡಿನಿಂದ ಎಳೆದು ತಂದ ಎತ್ತುಗಳನ್ನು ಮಾತ್ರ ಯಾರೂ ನೆನೆಯುವುದಿಲ್ಲ. ರೈಲ್ವೆಯ ಲೋಕದಲ್ಲಿಯೂ ಹೀಗೆಯೇ. ಪ್ರಯಾಣಿಕರನ್ನು ಹೊತ್ತು ಬಿರುಗಾಳಿಯಂತೆ ಸಾಗಿದ ಎಂಜಿನುಗಳ ಹೆಸರು ಮನೆಮಾತಾಯಿತು. ಕಲ್ಲಿದ್ದಲು, ಕಬ್ಬಿಣ, ಧಾನ್ಯಗಳ ಹೊರೆಯನ್ನು ಎಳೆದ ಎಂಜಿನುಗಳು ಹೆಸರಿಲ್ಲದೆ ದುಡಿದು, ಹೆಸರಿಲ್ಲದೆ ಗುಜರಿಯ ಪಾಲಾದುವು. ಹಾಗೆ ದುಡಿದ ಒಂದು ಎಂಜಿನು ಸ್ಕಾಟ್ಲೆಂಡಿನಲ್ಲಿ ಇಂದಿಗೂ ಉಳಿದಿದೆ. ಅದರ ಸಂಖ್ಯೆ 673.

ಸ್ಕಾಟ್ಲೆಂಡಿನ ನಾರ್ತ್ ಬ್ರಿಟಿಷ್ ರೈಲ್ವೆಯಲ್ಲಿ ಎಂಜಿನುಗಳ ಮೇಲ್ವಿಚಾರಕರಾಗಿದ್ದವರು ಮ್ಯಾಥ್ಯೂ ಹೋಮ್ಸ್. ಅವರು ಸರಕು ಸಾಗಣೆಗಾಗಿ 'ಸಿ' ವರ್ಗವೆಂಬ ಎಂಜಿನನ್ನು ರೂಪಿಸಿದರು. 1888ರಿಂದ 1900ರವರೆಗೆ ಈ ವರ್ಗದ 168 ಎಂಜಿನುಗಳು ತಯಾರಾದುವು. 673ನೆಯದು 1891ರಲ್ಲಿ ಗ್ಲಾಸ್ಗೋ ನಗರದ ನೀಲ್ಸನ್ ಕಾರ್ಖಾನೆಯಿಂದ ಹೊರಬಂದಿತು. ಆ ಕಾಲದಲ್ಲಿ ಗ್ಲಾಸ್ಗೋ ಎಂದರೆ ಎಂಜಿನುಗಳ ತವರು. ಭಾರತದ ಹಳಿಗಳ ಮೇಲೆ ಓಡಿದ ಅನೇಕ ಎಂಜಿನುಗಳೂ ಅಲ್ಲಿಯೇ ಹುಟ್ಟಿದುವು.

ಈ ಎಂಜಿನಿನ ರಚನೆಯಲ್ಲಿ ಆಡಂಬರವಿರಲಿಲ್ಲ. ಕಲ್ಲಿದ್ದಲಿನ ಬೆಂಕಿ ಬಾಯ್ಲರಿನ ನೀರನ್ನು ಕಾಯಿಸುತ್ತದೆ. ಉಗಿಯು ಎರಡು ಸಿಲಿಂಡರುಗಳನ್ನು ಹೊಕ್ಕು ಪಿಸ್ಟನ್ನುಗಳನ್ನು ಹಿಂದಕ್ಕೂ ಮುಂದಕ್ಕೂ ನೂಕುತ್ತದೆ. ಆ ಚಲನೆ ಗಾಲಿಗಳನ್ನು ತಿರುಗಿಸುತ್ತದೆ. ವೇಗದ ಎಂಜಿನುಗಳಿಗೆ 6 ಅಡಿಗೂ ಮಿಗಿಲಾದ ದೊಡ್ಡ ಗಾಲಿಗಳಿರುತ್ತಿದ್ದುವು. ಇದಕ್ಕಿದ್ದುದು 5 ಅಡಿ ವ್ಯಾಸದ ಆರು ಗಾಲಿಗಳು. ಗಾಲಿ ಚಿಕ್ಕದಾದಷ್ಟೂ ಓಟ ಕಡಿಮೆ, ಎಳೆಯುವ ಶಕ್ತಿ ಹೆಚ್ಚು. ಆರು ಗಾಲಿಗಳನ್ನೂ ಉಕ್ಕಿನ ಸರಳುಗಳಿಂದ ಒಂದಕ್ಕೊಂದು ಜೋಡಿಸಿದ್ದುದರಿಂದ ಎಂಜಿನಿನ ಭಾರವೆಲ್ಲವೂ ಹಳಿಯನ್ನು ಹಿಡಿಯಲು ನೆರವಾಗುತ್ತಿತ್ತು. ನೊಗಕ್ಕೆ ಹೆಗಲು ಕೊಟ್ಟ ಎತ್ತು ಕಾಲೂರಿ ಎಳೆಯುವಂತೆ ಅದು ಎಳೆಯುತ್ತಿತ್ತು.

ಅದನ್ನು ನಡೆಸುವವರ ಕೆಲಸವೂ ಸುಲಭವಾಗಿರಲಿಲ್ಲ. ಉಗಿಯೇಳಬೇಕಾದರೆ ಗಂಟೆಗಟ್ಟಲೆ ಮೊದಲೇ ಬೆಂಕಿ ಹೊತ್ತಿಸಬೇಕು. ದಾರಿಯುದ್ದಕ್ಕೂ ಫೈರ್‌ಮನ್ ಸಲಿಕೆಯಿಂದ ಕಲ್ಲಿದ್ದಲನ್ನು ಎತ್ತಿ ಹಾಕುತ್ತಿರಬೇಕು. ಎದುರಿಗೆ ಕುಲುಮೆಯ ಉರಿ, ಬೆನ್ನಿಗೆ ಸ್ಕಾಟ್ಲೆಂಡಿನ ಕೊರೆಯುವ ಗಾಳಿ. ಅಂದಿನ ಕಲ್ಲಿದ್ದಲಿನ ವ್ಯಾಗನುಗಳಲ್ಲಿ ಡ್ರೈವರು ತನ್ನ ಸ್ಥಳದಿಂದಲೇ ಹಾಕಬಹುದಾದ ಬ್ರೇಕುಗಳಿರಲಿಲ್ಲ. ಎಂಜಿನಿನ ಬ್ರೇಕು, ಕಟ್ಟಕಡೆಯ ಡಬ್ಬಿಯಲ್ಲಿ ಕುಳಿತ ಗಾರ್ಡಿನ ಕೈಬ್ರೇಕು, ಇವೆರಡೇ ಆಧಾರ. ಕಡಿದಾದ ಇಳಿಜಾರು ಬಂದರೆ ಗಾಡಿಯನ್ನು ನಿಲ್ಲಿಸಿ, ವ್ಯಾಗನುಗಳ ಬ್ರೇಕುಗಳನ್ನು ಒಂದೊಂದಾಗಿ ಕೈಯಿಂದ ಬಿಗಿಯಬೇಕಾಗಿತ್ತು. ಹೊರೆಯನ್ನು ಎಳೆಯುವುದಕ್ಕಿಂತ ತಡೆದು ನಿಲ್ಲಿಸುವುದೇ ಕಷ್ಟವೆಂಬುದನ್ನು ಆ ಕೆಲಸಗಾರರು ಚೆನ್ನಾಗಿ ಬಲ್ಲವರಾಗಿದ್ದರು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಈ ವರ್ಗದ 25 ಎಂಜಿನುಗಳನ್ನು ಫ್ರಾನ್ಸಿಗೆ ಕಳುಹಿಸಲಾಯಿತು. ಅವುಗಳಲ್ಲಿ 673 ಸಹ ಒಂದು. ಯುದ್ಧ ಮುಗಿದ ಮೇಲೆ ತಾಯ್ನಾಡಿಗೆ ಮರಳಿದ ಈ ಎಂಜಿನುಗಳಿಗೆ ಸೇನಾಪತಿಗಳ ಮತ್ತು ರಣರಂಗಗಳ ಹೆಸರುಗಳನ್ನಿಟ್ಟು ಗೌರವಿಸಲಾಯಿತು. 673ಕ್ಕೆ ಬಂದ ಹೆಸರು 'ಮೌಡ್'. ಜನರಲ್ ಮೌಡ್ 1917ರ ಮಾರ್ಚಿಯಲ್ಲಿ ಬಾಗ್ದಾದ್ ನಗರವನ್ನು ಗೆದ್ದು, ಅದೇ ವರ್ಷದ ನವೆಂಬರಿನಲ್ಲಿ ಕಾಲರಾ ಬೇನೆಯಿಂದ ಅಲ್ಲಿಯೇ ಮಡಿದವರು. ಅವರ ಸೈನ್ಯದಲ್ಲಿ ಬಹುಸಂಖ್ಯೆಯ ಭಾರತೀಯ ಯೋಧರಿದ್ದರು. ಎಂಜಿನಿಗೆ ದೊರೆತ ಹೆಸರು ಲೋಹದ ಫಲಕದ ಮೇಲೆ ಕೆತ್ತಿದ್ದಲ್ಲ. ಗಾಲಿಯ ಮೇಲಿನ ಕವಚದಲ್ಲಿ ಬಣ್ಣದಿಂದ ಬರೆದದ್ದು. ಹೊಸ ಬಣ್ಣ ಬಳಿದಾಗ ಇಂಥ ಹೆಸರುಗಳು ಅಳಿಸಿಹೋಗುತ್ತಿದ್ದುದೂ ಉಂಟು.

ಯುದ್ಧದ ಗೌರವ ಸಂದಿತೆಂದು ವಿಶ್ರಾಂತಿಯೇನೂ ದೊರೆಯಲಿಲ್ಲ. ಎಂಜಿನು ಮತ್ತೆ ಕಲ್ಲಿದ್ದಲಿನ ಸಾಲುಗಳಿಗೆ ಮರಳಿತು. 1923ರಲ್ಲಿ ರೈಲ್ವೆ ಕಂಪೆನಿಗಳು ಒಂದುಗೂಡಿದುವು. 1948ರಲ್ಲಿ ರೈಲ್ವೆ ರಾಷ್ಟ್ರದ ಸ್ವತ್ತಾಯಿತು. ಒಡೆಯರು ಬದಲಾದರು, ಸಂಖ್ಯೆಗಳೂ ಬದಲಾದುವು. ದುಡಿಮೆ ಮಾತ್ರ ಬದಲಾಗಲಿಲ್ಲ. ಎಡಿನ್‌ಬರೋ ನಗರದ ಹೇಮಾರ್ಕೆಟ್ ಷೆಡ್ಡಿನಲ್ಲಿ, ಹೆಸರಾಂತ ವೇಗದ ಎಂಜಿನುಗಳ ಪಕ್ಕದಲ್ಲಿಯೇ, ಮಸಿ ಹಿಡಿದ ಈ ಮುದಿ ಎಂಜಿನು ನಿಲ್ಲುತ್ತಿತ್ತು.

ಮುಂದೆ ಡೀಸೆಲ್ ಎಂಜಿನುಗಳು ಬಂದುವು. ಉಗಿ ಎಂಜಿನುಗಳು ಸಾಲುಸಾಲಾಗಿ ಗುಜರಿಯ ಅಂಗಳಕ್ಕೆ ನಡೆದುವು. ಹೊಸತು ಬಂದಾಗ ಹಳೆಯದು ಹೋಗಲೇಬೇಕು ಎನ್ನುವುದರಲ್ಲಿ ಸುಳ್ಳಿಲ್ಲ. ಆದರೆ ಮೂರು ತಲೆಮಾರಿನ ಜನರ ಬೆವರನ್ನು ಕಂಡ ಯಂತ್ರಗಳಲ್ಲಿ ಒಂದಾದರೂ ಉಳಿಯದೆಹೋದರೆ, ಆ ಬೆವರಿಗೆ ಸಾಕ್ಷಿ ಯಾವುದು? ಈ ಚಿಂತೆ ಕೆಲವರನ್ನು ಕಾಡಿತು. 1961ರಲ್ಲಿ ಸ್ಥಾಪಿತವಾಗಿದ್ದ ಸ್ಕಾಟಿಷ್ ರೈಲ್ವೆ ಸಂರಕ್ಷಣ ಸಂಘವು, 75 ವರ್ಷ ದುಡಿದು 1966ರಲ್ಲಿ ನಿವೃತ್ತವಾದ 'ಮೌಡ್' ಎಂಜಿನನ್ನು ಕೊಂಡುಕೊಂಡಿತು. ಮರುವರ್ಷ ಅದೇ ವರ್ಗದ ಕಡೆಯ ಎರಡು ಎಂಜಿನುಗಳೂ ಕೆಲಸದಿಂದ ನಿಂತುವು. 168ರಲ್ಲಿ ಉಳಿದದ್ದು ಇದೊಂದೇ.

ಸಂಘದವರು ಅದನ್ನು ದುರಸ್ತಿಗೊಳಿಸಿ ಮತ್ತೆ ಉಗಿಯೇಳುವಂತೆ ಮಾಡಿದರು. ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗ ಆರಂಭವಾಗಿ 150 ವರ್ಷ ತುಂಬಿದ ಉತ್ಸವ 1980ರಲ್ಲಿ ರೈನ್‌ಹಿಲ್ಲಿನಲ್ಲಿ ನಡೆದಾಗ, 89 ವರ್ಷದ ಈ ಎಂಜಿನು ಸ್ಕಾಟ್ಲೆಂಡಿನಿಂದ ಅಷ್ಟು ದೂರ ತನ್ನ ಉಗಿಯ ಬಲದಿಂದಲೇ ಸಾಗಿ ಮೆರವಣಿಗೆಯಲ್ಲಿ ಪಾಲುಗೊಂಡಿತು. ಹೊರೆಯನ್ನೇ ಎಳೆದಿದ್ದ ಎಂಜಿನನ್ನು ನೋಡಲು ಅಂದು ಜನ ನೆರೆದಿದ್ದರು.

ಫೋರ್ತ್ ಕೊಲ್ಲಿಯ ದಡದ ಬೋನೆಸ್ ಎಂಬ ಊರು ಈಗ ಅದರ ನೆಲೆ. ನೋಡಬಂದವರ ಕಣ್ಣು ಮೊದಲು ಬೀಳುವುದು ಸೇನಾಪತಿಯ ಹೆಸರಿನ ಮೇಲೆ. ಆ ಹೆಸರು ಬಂದದ್ದು ಒಂದು ಯುದ್ಧದಿಂದ. 75 ವರ್ಷಗಳ ದುಡಿಮೆ ನಡೆದದ್ದು 673ರ ಆರು ಗಾಲಿಗಳ ಮೇಲೆ.