ತೊಟ್ಟಿಲ ಬಳಿಯ ರಾತ್ರಿಗಳು

ತರುಣ ಮಿತ್ರರೇ, ನಿಮ್ಮಲ್ಲಿ ಹಲವರು ಈಗ ತಾಯ್ತಂದೆಯರಾಗುವ ವಯಸ್ಸಿನವರು. ಅದಕ್ಕೇ ಈ ನಾಲ್ಕು ಮಾತು.

1996ರ ಜೂನ್ ತಿಂಗಳು. ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸು. ಕರೆಂಟು ಹೋಗಿ ಕೂಲರ್ ನಿಂತರೆ ಎರಡು ತಿಂಗಳ ಮಗಳು ಎದ್ದು ಅಳುವಳು. ಊರಿನಲ್ಲಾದರೆ ಅಜ್ಜಿ, ಚಿಕ್ಕಮ್ಮ ಇರುತ್ತಿದ್ದರು, ಇಲ್ಲಿ ನಾವಿಬ್ಬರೇ. ಒಂದು ರಾತ್ರಿ ಮೂರು ಗಂಟೆಗೆ, ಹಾಲು ಕುಡಿಸಿ, ಬಟ್ಟೆ ಬದಲಿಸಿ, ಹೆಗಲ ಮೇಲೆ ಹಾಕಿಕೊಂಡು ತಿರುಗಿದರೂ ಅಳು ನಿಲ್ಲಲಿಲ್ಲ. ಅವಳನ್ನು ಹಿಡಿದ ನನ್ನ ಕೈ ಬಿಗಿಯಾಯಿತು. ನನಗೇ ಭಯವಾಗಿ, ಅವಳನ್ನು ತೊಟ್ಟಿಲಲ್ಲಿ ಮಲಗಿಸಿ ಬಾಲ್ಕನಿಯಲ್ಲಿ ಐದು ನಿಮಿಷ ನಿಂತೆ. ಕೋಪ ಇಳಿಯಿತು; ನಾಚಿಕೆ ಬಹಳ ದಿನ ಉಳಿಯಿತು.

ನಾಚಬೇಕಾಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಹಸುಳೆಯನ್ನು ಜೋರಾಗಿ ಅಲುಗಾಡಿಸಿದರೆ ಮೆದುಳಿಗೇ ಪೆಟ್ಟು. ತಾಳ್ಮೆ ತಪ್ಪಿದಾಗ ಮಗುವನ್ನು ಸುರಕ್ಷಿತವಾಗಿ ಮಲಗಿಸಿ ಸ್ವಲ್ಪ ಹೊತ್ತು ದೂರ ಸರಿಯಿರಿ ಎಂದೇ ವೈದ್ಯರು ಹೇಳುತ್ತಾರೆ. ಹಗಲು-ರಾತ್ರಿಯ ಲೆಕ್ಕ ಮಗುವಿಗೆ ಕೂಡಿಬರಲು ಎರಡು ಮೂರು ತಿಂಗಳಾದರೂ ಬೇಕು. ಹೊಟ್ಟೆ ಚಿಕ್ಕದು, ಮೇಲಿಂದ ಮೇಲೆ ಹಸಿವು. ಅದು ಹಟವಲ್ಲ. ರಾತ್ರಿ ಹಾಲೂಡಿಸುವಾಗ ಮಂದ ದೀಪವಿರಲಿ, ಮಾತು ಬೇಡ. ಅಂಗಾತ ಮಲಗಿಸಿ, ದಿಂಬು ಬೇಡ. ಜ್ವರ ಬಂದರೆ, ಹಾಲು ಬಿಟ್ಟರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಆ ರಾತ್ರಿಯ ನಂತರ ಪಾಳಿ ಹಾಕಿಕೊಂಡೆವು. ಎರಡು ಗಂಟೆಯವರೆಗೆ ನಮ್ಮವರು, ಆಮೇಲೆ ನಾನು. ಅವರಿಗೆ ಬರುತ್ತಿದ್ದುದು ಒಂದೇ ಜೋಗುಳ, ಅದೂ ಅರ್ಧ. ಕಳೆದ ವರ್ಷ ಗುರುಗ್ರಾಮದ ತನ್ನ ಮನೆಯಲ್ಲಿ ಮಗಳು ಅವಳ ಕೂಸಿಗೆ ಅದನ್ನೇ ಹಾಡಿದಳು, ಅಪ್ಪ ನಿಲ್ಲಿಸುತ್ತಿದ್ದಲ್ಲೇ ನಿಲ್ಲಿಸಿ.

ನಿಮ್ಮ ಗೆಳೆಯರ ಮನೆಯಲ್ಲಿ ತೊಟ್ಟಿಲು ಕಟ್ಟಿದಾಗ ಉಡುಗೊರೆಯೊಂದೇ ಸಾಲದು. ಒಂದು ರಾತ್ರಿ ಮಗುವನ್ನು ನೀವೆತ್ತಿಕೊಂಡು, ಆ ತಾಯಿಯನ್ನು ಮಲಗಲು ಬಿಡಿ.